ಪಂಪ್ ಕೋವಿ ಒದ್ದಾಗ ತಾನೇ ತೆರ್ಕೊಳ್ಳುತ್ತಾ?

ಪ್ರಶ್ನೆ: ಸರ್, ನಾನು ಹಾಸನದ ಕಡೆಯವನು, ಈಗ ಅಮೆರಿಕದ ಮಿನ್ನೆಸೋಟಾದಲ್ಲಿದೀನಿ. ಸೇಫ್ಟಿ ಕೋರ್ಸ್ ಮುಗಿಸಿ ಲೈಸೆನ್ಸ್ ತಗೊಂಡು ಮೊದಲನೇ ಸಲ ಬಾತುಕೋಳಿ ಬೇಟೆಗೆ ಹೋಗಿದ್ದೆ, 12 ಬೋರಿನ ಪಂಪ್ ಆಕ್ಷನ್ ಕೋವಿ, ಅಂದ್ರೆ ನಳಿಗೆ ಕೆಳಗಿನ ಮುಂಗೈ ಹಿಡಿ ಹಿಂದಕ್ಕೆ ಎಳೆದು ಮುಂದಕ್ಕೆ ತಳ್ಳಿ ತೋಟಾ ಬದಲಿಸೋದು. ಮೊದಲನೇ ಈಡು ಸರಿಯಾಗೇ ಹೋಯ್ತು, ಎರಡನೇದಕ್ಕೆ ಬರೀ ಕ್ಲಿಕ್. ಆಮೇಲೆ ತೆಗೆದು ನೋಡಿದ್ರೆ ಹೊಡೆದ ಖಾಲಿ ತೋಟಾನೇ ಒಳಗೆ ಕೂತಿದೆ. ಜೊತೆಗಿದ್ದೋರು "ಒದೆತಕ್ಕೆ ಹಿಡಿ ತಾನೇ ಹಿಂದೆ ಬರುತ್ತೆ, ಕೈ ಇಟ್ಟಿದ್ರೆ ಸಾಕು" ಅಂತಾರೆ. ನಿಜಾನಾ? ಕೋವಿ ಕೆಟ್ಟಿದ್ಯಾ?

ಉತ್ತರ: ಕೋವಿ ಕೆಟ್ಟಿರೋ ಸಾಧ್ಯತೆ ಕಮ್ಮಿ. ನೀವು ಮುಂಗೈ ಹಿಡಿಯನ್ನ ಪೂರ್ತಿ ಹಿಂದಕ್ಕೆ ಎಳೆದಿಲ್ಲ ಅಷ್ಟೇ. ಅರ್ಧ ಎಳೆದ್ರೂ ಒಳಗಿನ ಹ್ಯಾಮರ್ (ತೋಟಾ ಸಿಡಿಸೋ ಹೊಡೆತ ಕೊಡೋ ಸುತ್ತಿಗೆ) ಏರಿಬಿಡುತ್ತೆ, ಆದ್ರೆ ಖಾಲಿ ತೋಟಾ ಹೊರಗೆ ಹಾರೋದು ನಳಿಗೆಯ ಹಿಂಬದಿ ಮುಚ್ಚೋ ಬೋಲ್ಟ್ ಹೆಚ್ಚುಕಮ್ಮಿ ಕೊನೇವರೆಗೂ ಹೋದ್ಮೇಲೆ, ಅದಕ್ಕೆ ಮೊದಲೇ ಮುಂದಕ್ಕೆ ತಳ್ಳಿದ್ರೆ ಅದೇ ಖಾಲಿ ತೋಟಾ ವಾಪಸ್ ನಳಿಗೆಗೆ ಹೋಗುತ್ತೆ, ಟ್ರಿಗರ್ ಎಳೆದ್ರೆ ಕ್ಲಿಕ್.

ಇನ್ನು ನಿಮ್ಮ ಜೊತೆಗಾರರ ಮಾತು. ಬಸ್ಸಲ್ಲಿ ನಿಂತಿರೋರನ್ನ ನೆನಪಿಸ್ಕೊಳ್ಳಿ, ಬಸ್ಸು ಗಕ್ಕನೆ ಹೊರಟ್ರೆ ಜನ ಹಿಂದಕ್ಕೆ ವಾಲ್ತಾರೆ, ಬ್ರೇಕ್ ಹಾಕಿದ್ರೆ ಮುಂದಕ್ಕೆ ಮುಗ್ಗರಿಸ್ತಾರೆ. ಇಲ್ಲಿ ಕೋವಿ ಬಸ್ಸು, ಮುಂಗೈ ಹಿಡಿ ನಿಂತಿರೋ ಪ್ರಯಾಣಿಕ. 32 ಗ್ರಾಂ ಚರೆ ಹೊರಟಾಗ ಮೂರೂಕಾಲು ಕೆಜಿ ಕೋವಿ ಸೆಕೆಂಡಿಗೆ 4-5 ಮೀಟರ್ ವೇಗದಲ್ಲಿ ನಿಮ್ಮ ಭುಜದ ಕಡೆ ನುಗ್ಗುತ್ತೆ, ಹಿಡಿ ಮಾತ್ರ ಇದ್ದಲ್ಲೇ ಇರೋಕೆ ನೋಡುತ್ತೆ, ಅಂದ್ರೆ ಕೋವಿಯ ಲೆಕ್ಕದಲ್ಲಿ ಅದು ಮುಂದಕ್ಕೇ ಒತ್ತಿಕೊಳ್ಳುತ್ತೆ. ಒಳ್ಳೇದೇ ಆಯ್ತು, ಯಾಕಂದ್ರೆ 28 ಇಂಚಿನ ನಳಿಗೆಯಿಂದ ಚರೆ ಹೊರಬೀಳೋ ಹೊತ್ತಿಗೆ ಕೋವಿ ಸರಿದಿರೋದು ಬರೀ 7-8 ಮಿಲಿಮೀಟರ್, ಆಗ ಬೋಲ್ಟ್ ಗಟ್ಟಿಯಾಗಿ ಮುಚ್ಚಿರಲೇಬೇಕು. ಆಮೇಲೆ ಭುಜ ಕೋವಿಗೆ ಬ್ರೇಕ್ ಹಾಕುತ್ತೆ, ಜೊತೇಲಿ ಹಿಂದಕ್ಕೆ ಬರ್ತಿದ್ದ ಹಿಡಿ, ಕೈ ಎರಡೂ ಇನ್ನೂ ಹಿಂದಕ್ಕೇ ಹೋಗೋಕೆ ನೋಡ್ತವೆ. ಪಳಗಿದೋರ ಎಡಗೈ ಆಗಲೇ ಎಳೀತಿರುತ್ತೆ, ಹಾಗಾಗಿ ಅವ್ರಿಗೆ ತಾನೇ ತೆರೆದಂಗೆ ಅನ್ಸುತ್ತೆ. ಅವ್ರು ಸುಳ್ಳು ಹೇಳ್ತಿಲ್ಲ, ತಮ್ಮ ಕೈ ಮಾಡೋ ಕೆಲಸ ಅವ್ರಿಗೇ ಗೊತ್ತಾಗ್ತಿಲ್ಲ.

1950ರಲ್ಲಿ ಬಂದ ರೆಮಿಂಗ್ಟನ್ 870 ಅನ್ನೋ ಪಂಪ್ ಕೋವೀಲಿ ಹ್ಯಾಮರ್ ಬಿದ್ದ ಕೂಡ್ಲೇ ಹಿಡಿಯನ್ನ ಹಿಂದೆ ಬರದಂಗೆ ತಡೆಯೋ ಬೀಗ ಬಿಡುತ್ತೆ. ಹಳೇ ವಿಂಚೆಸ್ಟರ್ 1897ರಲ್ಲಿ ಹಾಗಲ್ಲ, ಹಿಡಿ ಕೊಂಚ ಮುಂದೆ ಸರಿದ್ರೇನೇ ಬೀಗ ಬಿಡೋದು, ಆ ಸರಿತ ಒದೆತದಿಂದಲೇ ಸಿಗ್ತಿತ್ತು. ಗುಂಡು ಹಾರದಿದ್ರೆ ಒದೆತ ಇಲ್ಲ, ಬೀಗಾನೂ ಬಿಡಲ್ಲ. ನಂಗೆ ತುಂಬ ಇಷ್ಟವಾದ ಯೋಚನೆ ಅದು.

870ನಲ್ಲಿ ಆ ತಡೆ ಇಲ್ಲ, ಅದಕ್ಕೇ ಕೇಳ್ಕೊಳ್ತೀನಿ, ಕ್ಲಿಕ್ ಅಂದ ತಕ್ಷಣ ದಯವಿಟ್ಟು ತೆಗೀಬೇಡಿ. ಕೆಲವು ತೋಟಾ ತಡವಾಗಿ ಸಿಡೀತವೆ, ನಳಿಗೆ ಜನ ಇಲ್ಲದ ಕಡೆ ತಿರುಗಿಸಿ ಕನಿಷ್ಠ 30 ಸೆಕೆಂಡ್ ಕಾಯಿರಿ, ಬಾತು ಹಾರಿಹೋದ್ರೆ ಹೋಗ್ಲಿ.

ನಮ್ಮೂರ ಕಡೆ ಮನೆಗಳಲ್ಲಿ ಇರೋದು ಹೆಚ್ಚಾಗಿ ಮಡಚೋ ಒಂಟಿನಳಿಗೆ, ಜೋಡುನಳಿಗೆ, ಅದರಲ್ಲಿ ಎಡಗೈಗೆ ಹೊತ್ತುಕೊಳ್ಳೋದಷ್ಟೇ ಕೆಲಸ. ಎಳೆಯೋ ಅಭ್ಯಾಸ ಆಗೋಕೆ ನೀವು ಡಮ್ಮಿ ತೋಟಾ (ಮದ್ದಿಲ್ಲದ ತೋಟಾ) ತಗೊಂಡು, ನಿಜವಾದ ತೋಟಾ ಬೇರೆ ರೂಮಲ್ಲಿಟ್ಟು, ಬೇಟೆಗೆ ಹಾಕೋ ಅದೇ ದಪ್ಪ ಜಾಕೆಟ್, ಗ್ಲೌಸ್ ಹಾಕ್ಕೊಂಡು, ಅದೇ ತರ ಕೂತ್ಕೊಂಡು ಎಳೀರಿ. ಕೋವಿಯ ಹಿಂದಿನ ತುದಿ ಭುಜದಲ್ಲೇ ಇರ್ಲಿ, ಹಿಡಿ ಹಿಂದೆ ಟಕ್ ಅಂತ ಬಡಿಯೋವರೆಗೂ ಜೋರಾಗಿ ಎಳೀರಿ, ಮೆಲ್ಲಗೆ ಎಳೆದ್ರೆ ತೋಟಾ ಸರಿಯಾಗಿ ಹಾರದೇ ಇರ್ಬಹುದು. ಅಲ್ಲಿ ಬಾತುಕೋಳಿಗೆ ಕೋವೀಲಿ ಒಟ್ಟು ಮೂರೇ ತೋಟಾ ಇರ್ಬಹುದು ಅಂತ ಕಾನೂನಿದೆಯಲ್ಲ, ಮೂರು ಡಮ್ಮೀಲೇ ಮಾಡಿ. ಕೊನೇವರೆಗೆ ಎಳೆದ್ರೂ ಡಮ್ಮಿ ಒಳಗೇ ಉಳಿದ್ರೆ ತೋಟಾನ ಹಿಡಿದು ಹೊರಗೆಳೆಯೋ ಎಕ್ಸ್‌ಟ್ರಾಕ್ಟರ್ ಕೊಂಡಿ ಸವೆದಿರಬಹುದು, ಆಗ ಗನ್‌ಸ್ಮಿತ್ ಹತ್ರ ತೋರ್ಸಿ.