ಔಷಧ ಕಂಪನಿಗಳೇ ಇರುವಾಗ ಸಂಶೋಧನೆಗೆ ಸರ್ಕಾರ ಯಾಕೆ ದುಡ್ಡು ಹಾಕಬೇಕು?

ಔಷಧ, ಲಸಿಕೆ ಕಂಡುಹಿಡಿಯೋಕೆ ದೊಡ್ಡ ಕಂಪನಿಗಳಿವೆ, ಅದಕ್ಕೆ ನಮ್ಮ ತೆರಿಗೆ ಹಣ ಯಾಕೆ ಅಂತ ಕೇಳಿದ್ದೀರಿ. ನಾನು ಸಾಗರದ ಕಡೆಯವನು. ಮಂಗನ ಕಾಯಿಲೆಯನ್ನು ಹತ್ತಿರದಿಂದ ನೋಡಿದ್ದೇನೆ, ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು. ಸುತ್ತಲಿನ ಹಳ್ಳಿಯವರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದರು. ಇದು ಹೊಸ ವೈರಸ್, ಉಣುಗು ಕಚ್ಚಿದರೆ ಬರುತ್ತದೆ ಎಂದು ಪತ್ತೆ ಮಾಡಿದರು. ಆ ಕೇಂದ್ರವನ್ನು 1952ರಲ್ಲೇ ಐಸಿಎಂಆರ್, ಅಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ಜೊತೆ ಸೇರಿ ಶುರುಮಾಡಿತ್ತು. ಈಗ ಅದರ ಹೆಸರು ಎನ್‌ಐವಿ, ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ. ಕೆಲಸ ಗೊತ್ತಿದ್ದವರು ಐದು ವರ್ಷ ಮೊದಲೇ ಅಲ್ಲಿ ಕೂತಿದ್ದರು, ಅದಕ್ಕೇ ಬರೋಕೆ ಆಯಿತು. ಜ್ವರ ಬಂದ ಮೇಲೆ ಲ್ಯಾಬ್ ಕಟ್ಟೋಕೆ ಆಗುತ್ತಾ?

ಈ ಕಾಯಿಲೆ ತಗಲುವುದು ಸೌದೆಗೆ, ಸೊಪ್ಪಿಗೆ, ತರಗೆಲೆಗೆ ಕಾಡಿಗೆ ಹೋಗುವವರಿಗೆ, ದನ ಮೇಯಿಸುವವರಿಗೆ. ವರ್ಷಕ್ಕೆ ಕೆಲವು ನೂರು ಜನ. ಇಷ್ಟು ಕಡಿಮೆ ಜನರಿಗೆ, ಅದೂ ಕೈಯಲ್ಲಿ ಕಾಸಿಲ್ಲದವರಿಗೆ ಲಸಿಕೆ ಮಾಡಿದರೆ ಕಂಪನಿಗೆ ಏನು ಗಿಟ್ಟುತ್ತದೆ? ಅವರನ್ನು ದೂರಿ ಪ್ರಯೋಜನವಿಲ್ಲ, ವ್ಯಾಪಾರ ಇರುವುದೇ ಹಾಗೆ. ಹಾಗಾಗಿ 1990ರಿಂದ ನಮ್ಮ ಕಡೆ ಕೊಟ್ಟ ಲಸಿಕೆ ತಯಾರಾಗಿದ್ದು ಸರ್ಕಾರಿ ಸಂಸ್ಥೆಗಳಲ್ಲೇ.

ಆದರೆ ಸರ್ಕಾರ ದುಡ್ಡು ಹಾಕಿದರೆ ಸಾಕು ಅಂತ ನಾನು ಹೇಳುತ್ತಿಲ್ಲ. ನಡುವೆ ನಿಲ್ಲಿಸಬಾರದು. ಆ ಲಸಿಕೆಯ ಎರಡು ಡೋಸ್ ತಗೊಂಡವರಿಗೆ ಶೇ 62ರಷ್ಟು, ಬೂಸ್ಟರ್ ಕೂಡ ತಗೊಂಡವರಿಗೆ ಶೇ 83ರಷ್ಟು ರಕ್ಷಣೆ ಸಿಕ್ಕಿತ್ತು ಎಂದು ಒಂದು ಅಧ್ಯಯನ ಹೇಳಿತು. ಸೂಜಿ ಚುಚ್ಚಿದ ಜಾಗ ತುಂಬಾ ನೋಯುತ್ತಿತ್ತು. ಒಂದು ಸಲ ಹಾಕಿಸಿಕೊಂಡ ಹಲವರು ಎರಡನೇ ಸಲ ಬರುತ್ತಿರಲಿಲ್ಲ. ಹೊಸ, ನೋವು ಕಡಿಮೆ ಇರುವ ಲಸಿಕೆಗೆ ಆಗಲೇ ಗಟ್ಟಿಯಾಗಿ ಹಣ ಇಡಬೇಕಿತ್ತು. 2019ರಲ್ಲಿ ನಮ್ಮ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಈ ಕಾಯಿಲೆಯಿಂದ ಸಾಲು ಸಾವುಗಳಾದವು. 2022ರಲ್ಲಿ ಶಕ್ತಿ ಸಾಲದೆಂದು ಹಳೆಯ ಲಸಿಕೆಯೂ ನಿಂತಿತು. ಕೈಯಲ್ಲಿ ಬೇರೆ ಲಸಿಕೆ ಇರಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಜಿಕಲ್ಸ್ ಸೇರಿ ಹೊಸ ಲಸಿಕೆಯ ಕೆಲಸ ಹಿಡಿದಿವೆ. ಆ ಕಂಪನಿಯೂ ಕೇಂದ್ರ ಸರ್ಕಾರದ ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿಯದ್ದೇ. ಖಾಸಗಿ ಕಂಪನಿಗಳ ಜೊತೆ ಸೇರಿದರೂ ತಪ್ಪೇನಿಲ್ಲ. ಮಕ್ಕಳ ಭೇದಿ ತಡೆಯೋಕೆ ಕೊಡುವ ರೋಟಾವ್ಯಾಕ್ ಲಸಿಕೆ ಹಾಗೇ ಬಂದದ್ದು. ವೈರಸ್ ತಳಿ ಸಿಕ್ಕಿದ್ದು ದೆಹಲಿಯ ಏಮ್ಸ್‌ನಲ್ಲಿ, ದುಡ್ಡು ಕೊಟ್ಟವರಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಇತ್ತು, ತಯಾರಿಸಿದ್ದು ಭಾರತ್ ಬಯೋಟೆಕ್.

ನಮ್ಮೂರಲ್ಲಿ ಕಾಯಿಲೆಯ ಕಾಲ ಬಂತೆಂದರೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಡೆಪಾ ಎಣ್ಣೆ ಕೊಡುತ್ತಾರೆ. ಅಮ್ಮ ಅದನ್ನು ಕೈಕಾಲಿಗೆ ಹಚ್ಚಿಕೊಂಡೇ ಸೊಪ್ಪಿಗೆ ಹೋಗುವುದು. ಉಣುಗು ಹತ್ತದಂತೆ ತಡೆಯುವ ಆ ಔಷಧವೂ ಡಿಆರ್‌ಡಿಒದ, ಅಂದರೆ ಸರ್ಕಾರದ ರಕ್ಷಣಾ ಸಂಶೋಧನಾ ಸಂಸ್ಥೆಯ, ಗ್ವಾಲಿಯರ್ ಲ್ಯಾಬಿನದು. ಸೈನಿಕರಿಗೆಂದು ಸರ್ಕಾರದ ದುಡ್ಡಲ್ಲಿ ಮಾಡಿದ್ದು, ಈಗ ನಮ್ಮಮ್ಮನ ಕಾಲಿಗೂ ಬಂದಿದೆ.