ನಾನು ತಿಳಿದ ದೇವರು ಸರಿಯೋ ತಪ್ಪೋ: ಒಬ್ಬ ಗಣಿತ ಮೇಷ್ಟ್ರ ಪ್ರಕರಣ

ಗುರುತು ಸಿಗಬಾರದು ಅಂತ ಕುಟುಂಬದ ಕೆಲವು ವಿವರ ಬದಲಿಸಿದ್ದೇನೆ. ತಂದೆ, ಮಗಳು ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಇವರನ್ನು ಮೇಷ್ಟ್ರು ಅಂತಲೇ ಕರೆಯುತ್ತೇನೆ. ವಯಸ್ಸು 62. ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತರಾದವರು. ದಾವಣಗೆರೆಯಲ್ಲಿ ಸ್ವಂತ ಮನೆ, ಪಿಂಚಣಿ ಬರುತ್ತದೆ, ಸಾಲ ಇಲ್ಲ. ಹೆಂಡತಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡು ಎಂಟು ತಿಂಗಳಾಗಿತ್ತು. ನನ್ನ ಹತ್ತಿರ ಕೌನ್ಸೆಲಿಂಗಿಗೆ ಕರೆದುಕೊಂಡು ಬಂದಿದ್ದು ಮಗಳು. "ಅಪ್ಪಾಜಿ ಸರಿಯಾಗಿ ಊಟ ಮಾಡ್ತಿಲ್ಲ, ರಾತ್ರಿ ಮೂರಕ್ಕೇ ಎದ್ದು ಕೂತಿರ್ತಾರೆ. ಪೂಜೆಗೆ ಕೂತವರು ಅರ್ಧಕ್ಕೇ ಎದ್ದುಬಿಡ್ತಾರೆ. ಯಾರು ಸಿಕ್ಕರೂ ಒಂದೇ ಪ್ರಶ್ನೆ" ಅಂದರು.

ಆ ಪ್ರಶ್ನೆ ನನಗೂ ಬಂತು. ಮೇಷ್ಟ್ರು ಕುರ್ಚಿ ಎಳೆದು ಕೂತವರೇ ಕೇಳಿದರು, "ಮೇಡಂ, ನಾನು ತಿಳ್ಕೊಂಡಿರೋ ದೇವರು ಸರೀನಾ, ತಪ್ಪಾ? ಗೊತ್ತಿದ್ರೆ ಹೇಳ್ರಿ. ಇಲ್ಲಾಂದ್ರೆ ಸುಮ್ನೆ ನಿಮ್ಮ ಟೈಮ್ ಹಾಳು ಮಾಡಲ್ಲ."

ಗೊತ್ತಿಲ್ಲ ಅಂದೆ. ಎದ್ದು ಹೋಗಲಿಲ್ಲ. ಅದುವರೆಗೂ ಯಾರೂ ಹಾಗೆ ಹೇಳಿರಲಿಲ್ಲವಂತೆ. ಒಬ್ಬ ಸ್ವಾಮಿಗಳು "ನೀವು ಮಾಡಿದ್ದೇ ಸರಿ" ಅಂದಿದ್ದರು. ಒಬ್ಬ ಜ್ಯೋತಿಷಿ ದೇವಿಯ ಮುನಿಸು ಅಂದು ಶಾಂತಿಗೆ ಪಟ್ಟಿ ಬರೆದುಕೊಟ್ಟಿದ್ದ. ಪಕ್ಕದ ಮನೆಯವರು ಹರಿಹರದ ಆರೋಗ್ಯ ಮಾತೆ ಚರ್ಚಿಗೆ ಒಮ್ಮೆ ಬನ್ನಿ, ಅಲ್ಲಿಗೆ ಎಲ್ಲ ಜಾತಿಯವರೂ ಬರ್ತಾರೆ ಅಂದಿದ್ದರು. ಯೂಟ್ಯೂಬಿನಲ್ಲಿ ಒಬ್ಬರು ದೇವರೇ ಇಲ್ಲ, ಚಿಂತೆ ಯಾಕೆ ಅಂದಿದ್ದರು. ಎಲ್ಲರೂ ಖಡಾಖಂಡಿತವಾಗಿ ಹೇಳಿದವರೇ. "ಸ್ವಾಮಿಗಳ ಮಾತಿನ ಸಮಾಧಾನ ಬಸ್ ಸ್ಟ್ಯಾಂಡ್ ಮುಟ್ಟೋವರೆಗೂ ಉಳೀಲಿಲ್ಲ" ಅಂದರು ಮೇಷ್ಟ್ರು.

ಮಗಳೂ ತಮಗೆ ತಿಳಿದ ಹಾಗೆ ಪ್ರಯತ್ನ ಮಾಡಿದ್ದರು. "ಹರಿಹರೇಶ್ವರನ್ನ ನೋಡಿ ಅಪ್ಪಾಜಿ, ಅರ್ಧ ಶಿವ, ಅರ್ಧ ವಿಷ್ಣು. ಎಲ್ಲಾ ಒಂದೇ ಅಲ್ವಾ?" ಮೇಷ್ಟ್ರು ಬಿಡುವವರಲ್ಲ. "ಆ ಗುಡಿ ಕಟ್ಟಿಸಿದ್ದು 13ನೇ ಶತಮಾನದಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ. ರಾಜಿ ಮಾಡಿಸಿದ್ದು ದಂಡನಾಯಕ. ದೇವರು ಒಪ್ಪಿದಾನೆ ಅಂತ ನಿನಗೆ ಯಾರು ಹೇಳಿದ್ರು?" ಅಂತ ಬಾಯಿ ಮುಚ್ಚಿಸಿದ್ದರು.

ನನ್ನ ಅನುಭವದಲ್ಲಿ ದೇವರ ಪ್ರಶ್ನೆ ಒಂಟಿಯಾಗಿ ಕೌನ್ಸೆಲಿಂಗಿಗೆ ಬರುವುದು ಕಡಿಮೆ. ಬೆನ್ನ ಹಿಂದೆ ಬೇರೆ ಏನೋ ಇರುತ್ತದೆ. ಅದಕ್ಕೆ ತತ್ವದ ಚರ್ಚೆ ಬದಿಗಿಟ್ಟು, ಇದು ಯಾವತ್ತು ಶುರುವಾಯ್ತು ಅಂತ ಕೇಳಿದೆ.

ಹೆಂಡತಿಯ ಸೀರೆಗಳನ್ನು ಆಕೆಯ ತಂಗಿಯರಿಗೆ ಕೊಡೋಣ ಅಂತ ಬೀರು ತೆಗೆದಿದ್ದರು. ಸೀರೆಗಳ ಹಿಂದೆ ಒಂದು ಸ್ಟೀಲ್ ಡಬ್ಬಿ. ಒಳಗೆ ಒಂದು ಡಜನ್ ಹಸಿರು ಬಳೆ, ಮಡಿಸಿದ ಕುಪ್ಪಸದ ಕಣ, ಅರಿಶಿನ ಕುಂಕುಮದ ಪೊಟ್ಟಣ, ಉತ್ತುತ್ತಿ, ಅಡಿಕೆ, ಎರಡು ಕೊಬ್ಬರಿ ಬಟ್ಟಲು. ಕೊಬ್ಬರಿ ಕಮಟು ಹಿಡಿದಿತ್ತು. ದುಗ್ಗಮ್ಮನಿಗೆ ಉಡಿ ತುಂಬಲು ಆಕೆ ಜೋಡಿಸಿಟ್ಟಿದ್ದ ಸಾಮಾನು ಅದು.

ದಾವಣಗೆರೆಯವರಿಗೆ ಹೇಳಬೇಕಿಲ್ಲ. ನಗರದೇವತೆ ದುರ್ಗಾಂಬಿಕೆಯ ಜಾತ್ರೆ ಎರಡು ವರ್ಷಕ್ಕೊಮ್ಮೆ. ಮನೆಮನೆಗೂ ನೆಂಟರು ತುಂಬುತ್ತಾರೆ. ಹಿಂದಿನ ಜಾತ್ರೆಯ ಹೊತ್ತಿಗೆ ಆಕೆಗೆ ಕೀಮೋ ನಡೆಯುತ್ತಿತ್ತು. ಕೂದಲು ಉದುರಿ ತಲೆಗೆ ಬಟ್ಟೆ ಸುತ್ತಿಕೊಂಡಿದ್ದರು. "ಈ ಸಲ ಅಮ್ಮಗೆ ಉಡಿ ತುಂಬಿಸ್ಬೇಕು ರೀ, ನೀವೂ ಜೊತೆಗೆ ಬರ್ರಿ" ಅಂದರಂತೆ.

ಮೇಷ್ಟ್ರು ಲಿಂಗಾಯತರು, ಅದರಲ್ಲೂ ಓದಿಕೊಂಡವರು. ದಿನಾ ಇಷ್ಟಲಿಂಗ ಪೂಜೆ. ಗುಡಿ, ಹರಕೆ, ಬಲಿ ಇವೆಲ್ಲ ಬಸವಣ್ಣನಿಗೆ ಒಪ್ಪಿಗೆ ಇಲ್ಲದ ದಾರಿ ಅಂತ ಖಚಿತವಾಗಿ ನಂಬಿದ್ದವರು. ಪ್ರಾಣಿಬಲಿ 1959ರ ಕಾಯ್ದೆಯಲ್ಲೇ ನಿಷೇಧ ಆಗಿದ್ದರೂ ಜಾತ್ರೆ ಬಂದಾಗಲೆಲ್ಲ ಅದರ ಮಾತು ಏಳುತ್ತದೆ ಅಂತ ಅವರಿಗೆ ಮೊದಲೇ ಸಿಟ್ಟು. ಹೆಂಡತಿಗೆ ಅವರು ಕೊಟ್ಟ ಉತ್ತರ ಒಂದು ವಚನ. "ದೇವನೊಬ್ಬ ನಾಮ ಹಲವು" ಅಂತ ಮೊದಲ ತುಂಡು ಹೇಳಿ ಸಭೆಯಲ್ಲಿ ಚಪ್ಪಾಳೆ ಗಿಟ್ಟಿಸುವವರು ಬಹಳ ಜನ. ಮುಂದಿನ ಸಾಲು ಖಡಕ್ಕಾಗಿದೆ. ಪತಿವ್ರತೆಗೆ ಗಂಡನೊಬ್ಬ, ಮತ್ತೊಂದಕ್ಕೆರಗಿದರೆ ಕಿವಿ ಮೂಗು ಕೊಯ್ಯುವನು. ಮೇಷ್ಟ್ರು ಅದನ್ನು ಪೂರ್ತಿ ಹೇಳಿದ್ದರು. ಆಕೆಯ ತಂಗಿಯರ ಎದುರಿಗೇ.

ಆಕೆ ಮತ್ತೆ ಆ ಮಾತು ಎತ್ತಲಿಲ್ಲ.

ಇದನ್ನು ಹೇಳಿ ಮುಗಿಸುವಾಗ ಮೇಷ್ಟ್ರು ನನ್ನ ಮುಖ ನೋಡುತ್ತಿರಲಿಲ್ಲ. "ನಾನು ತಿಳಿದದ್ದು ತಪ್ಪಾಗಿದ್ರೆ, ಅವಳಿಗೆ ಸಿಗಬೇಕಿದ್ದ ಕೃಪೆ ನಾನೇ ತಪ್ಪಿಸಿದ ಹಾಗಾಯ್ತು. ಸರಿ ಇದ್ರೆ, ಇಷ್ಟು ಹಿಂಸೆ ಯಾಕೆ? ಬೆಳಗ್ಗೆ ಲಿಂಗದ ಕರಡಿಗೆ ತೆಗೀತೀನಿ, ಲಿಂಗ ಅಂಗೈ ಮೇಲೆ ಇಡ್ತೀನಿ, ದೃಷ್ಟಿ ನಿಲ್ಲಲ್ಲ. ಡಬ್ಬಿ ಕಾಣ್ತದೆ."

ಇಲ್ಲಿ ಮೊದಲು ಮಾಡಬೇಕಾದ ಕೆಲಸ ದೇವರದ್ದಲ್ಲ, ವೈದ್ಯರದ್ದು. ಸಾಯಬೇಕು ಅನ್ನಿಸಿದೆಯಾ ಅಂತ ನೇರವಾಗಿ ಕೇಳಿದೆ. ಹೀಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗೆ ಆಗುತ್ತದೆ ಅಂತ ಮನೆಯವರು ಹೆದರುತ್ತಾರೆ, ಹಾಗೇನೂ ಇಲ್ಲ. "ಸಾಯಬೇಕು ಅಂತಿಲ್ಲ. ಏಳಬೇಕು ಅಂತಾನೂ ಇಲ್ಲ" ಅಂದರು. ತೂಕ ಇಳಿದಿತ್ತು, ನಿದ್ದೆ ಹಾಳಾಗಿತ್ತು. ಮನೋವೈದ್ಯರ ಹತ್ತಿರ ಕಳಿಸಿದೆ. ಅವರು ಖಿನ್ನತೆ ಅಂತ ಗುರುತಿಸಿ ಮಾತ್ರೆ ಶುರು ಮಾಡಿದರು. ಧರ್ಮದ ವಿಷಯವನ್ನೇ ಹಿಡಿದುಕೊಳ್ಳುವ ಒಂದು ಬಗೆಯ ಗೀಳು ಕಾಯಿಲೆ ಇದೆ. ಮಂತ್ರ ತಪ್ಪಿತೇನೋ, ಮಡಿ ಕೆಟ್ಟಿತೇನೋ, ಮನಸ್ಸಿನಲ್ಲಿ ದೇವರಿಗೆ ಬೈದೆನೇನೋ ಅಂತ ದಿನಕ್ಕೆ ನೂರು ಸಲ ಪರೀಕ್ಷೆ ಮಾಡಿಕೊಳ್ಳುವುದು. ಮೇಷ್ಟ್ರದ್ದು ಅದಲ್ಲ ಅಂದರು ವೈದ್ಯರು. ಆದರೆ ಒಂದು ಅಭ್ಯಾಸ ಮಾತ್ರ ಅದೇ ದಾರಿಯಲ್ಲಿತ್ತು. ಕೇಳುವುದು, ಸ್ವಲ್ಪ ಹೊತ್ತು ಹಗುರಾಗುವುದು, ಮತ್ತೆ ಕೇಳುವುದು.

ಈ ಸುತ್ತು ಹೊಸದೇನಲ್ಲ. ಜೆಸ್ಯೂಟ್ ಅನ್ನುವ ಕ್ಯಾಥೊಲಿಕ್ ಪಾದ್ರಿಗಳ ಸಂಘ ಕಟ್ಟಿದ ಇಗ್ನೇಷಿಯಸ್ ಲೊಯೊಲಾ 1522ರಲ್ಲಿ ಸ್ಪೇನಿನ ಮನ್ರೇಸಾ ಅನ್ನುವ ಊರಿನಲ್ಲಿದ್ದಾಗ ಹೀಗೇ ಒದ್ದಾಡಿದ. ಪಾದ್ರಿಗೆ ಒಪ್ಪಿಸಿದ ಪಾಪವನ್ನೇ ಸರಿಯಾಗಿ ಹೇಳಿದೆನೋ ಇಲ್ಲವೋ ಅಂತ ಮತ್ತೆ ಮತ್ತೆ ಹೋಗಿ ಒಪ್ಪಿಸುತ್ತಿದ್ದ. ಕೊನೆಗೆ ಹಳೆಯ ಪಾಪಗಳನ್ನು ಇನ್ನು ಒಪ್ಪಿಸುವುದಿಲ್ಲ ಅಂತ ತಾನೇ ತೀರ್ಮಾನ ಮಾಡಿದ ಮೇಲೆ ಬಿಡುಗಡೆ ಸಿಕ್ಕಿತು. ಮೇಷ್ಟ್ರಿಗೆ ಇದನ್ನು ಹೇಳಿ ಮೊದಲ ಸಲಹೆ ಕೊಟ್ಟೆ. ಈ ಪ್ರಶ್ನೆ ಹಿಡಿದುಕೊಂಡು ಇನ್ನು ಯಾರ ಹತ್ತಿರವೂ ಹೋಗಬೇಡಿ. ನನ್ನ ಹತ್ತಿರವೂ ಕೇಳಬೇಡಿ. ಪ್ರಶ್ನೆ ಬಂದರೆ ಬರಲಿ, ಉತ್ತರಕ್ಕೆ ಓಡಬೇಡಿ.

ಮಗಳಿಗೆ ಬೇರೆ ಹೇಳಿದೆ. "ನಾನು ಮಾಡಿದ್ದು ತಪ್ಪಾ" ಅಂತ ಅವರು ಕೇಳಿದಾಗಲೆಲ್ಲ "ಇಲ್ಲ ಅಪ್ಪಾಜಿ" ಅನ್ನುತ್ತಿದ್ದೀರಿ. ಪ್ರೀತಿಯಿಂದಲೇ ಹೇಳುತ್ತೀರಿ, ಆದರೆ ಅದು ಈ ಸುತ್ತಾಟಕ್ಕೆ ಇನ್ನೊಂದು ಸುತ್ತು ಸೇರಿಸುತ್ತದೆ. "ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ ಅಪ್ಪಾಜಿ, ಟೀ ಇಡ್ಲಾ?" ಅನ್ನಿ. ಮಗಳಿಗೆ ಇದು ಕಲ್ಲು ಮನಸ್ಸಿನ ಮಾತು ಅನ್ನಿಸಿತು. ಕಷ್ಟಪಟ್ಟು ಮಾಡಿದರು.

ಮಾತ್ರೆ ಹಿಡಿದು ನಿದ್ದೆ ಸ್ವಲ್ಪ ಬಂದ ಮೇಲೆ ಮೇಷ್ಟ್ರು ವಾದಕ್ಕೆ ಕೂತರು. ಅದು ಒಳ್ಳೆಯ ಲಕ್ಷಣ. "ನಂಬೋನಿಗೆ ತನ್ನ ತಿಳಿವಳಿಕೆ ಸರಿ ಅಂತ ಖಾತ್ರಿ ಇರಬೇಕಲ್ವಾ? ಇಲ್ಲಾಂದ್ರೆ ಅದೆಂಥ ನಂಬಿಕೆ?"

ನಾನು ಅವರ ಪಾಠಕ್ಕೇ ಹೋದೆ. "ಒಂಬತ್ತನೇ ಕ್ಲಾಸಿಗೆ ಯೂಕ್ಲಿಡ್ ಮಾಡ್ತಿದ್ರಲ್ಲ, ಸ್ವಯಂಸಿದ್ಧಗಳನ್ನ ಸಾಧಿಸಿ ತೋರಿಸ್ತಿದ್ರಾ?"

"ಸಾಧಿಸೋಕೆ ಬರಲ್ಲ. ಒಪ್ಕೊಂಡೇ ಶುರು ಮಾಡ್ಬೇಕು" ಅಂದವರು, ಆಮೇಲೆ ನಾನು ಕೇಳದೆಯೇ ಮುಂದುವರಿಸಿದರು. ಸಮಾಂತರ ರೇಖೆಯ ಸ್ವಯಂಸಿದ್ಧವನ್ನು ಉಳಿದವುಗಳಿಂದ ಸಾಧಿಸಲು ಎರಡು ಸಾವಿರ ವರ್ಷ ಎಷ್ಟೋ ಜನ ಹೆಣಗಿದ್ದು, 19ನೇ ಶತಮಾನದಲ್ಲಿ ಲೊಬಚೆವ್‌ಸ್ಕಿ ಮತ್ತು ಬೊಯಾಯ್ ಬೇರೆ ಬೇರೆಯಾಗಿ ಅದನ್ನೇ ಬದಲಿಸಿ ಹೊಸ ಜ್ಯಾಮಿತಿ ಕಟ್ಟಿದ್ದು. "ಅಲ್ಲೂ ಲೆಕ್ಕ ಎಲ್ಲಾ ಸರಿಯಾಗೇ ಬರ್ತದೆ ಮೇಡಂ!" ಅವರ ದನಿ ಅಷ್ಟು ಎತ್ತರಕ್ಕೆ ಏರಿದ್ದು ನಾನು ಕೇಳಿದ್ದು ಅದೇ ಮೊದಲು. ತಕ್ಷಣ ಅನುಮಾನವೂ ಬಂತು. "ಹಂಗಾದ್ರೆ ದೇವರ ವಿಷಯದಲ್ಲೂ ಎಲ್ಲಾನೂ ಸರಿ ಅಂತೀರಾ?"

ಇಲ್ಲ ಅಂದೆ. ಖಾತ್ರಿ ಇಲ್ಲ ಅನ್ನುವುದಕ್ಕೂ ಎಲ್ಲಾ ಒಂದೇ ಅನ್ನುವುದಕ್ಕೂ ಬಹಳ ಅಂತರ ಇದೆ. ಇಬ್ಬರು ದೇವರ ಬಗ್ಗೆ ತದ್ವಿರುದ್ಧ ಹೇಳಿದರೆ ಒಬ್ಬರಾದರೂ ತಪ್ಪಿರಲೇಬೇಕು. ಯಾರು ಅಂತ ಹೇಳುವ ಜಾಗದಲ್ಲಿ ಕೂತು ನೋಡಿದವರು ನಮ್ಮಲ್ಲಿ ಯಾರೂ ಇಲ್ಲ. "ಖಂಡಿತ ಸರಿ" ಅನ್ನುವ ಭಾವನೆ ಎಲ್ಲ ಮತದವರಿಗೂ ಅಷ್ಟೇ ಗಟ್ಟಿಯಾಗಿ ಬರುತ್ತದೆ. ಅಂದ ಮೇಲೆ ಆ ಭಾವನೆಯೇ ಸಾಕ್ಷಿ ಆಗುವುದು ಹೇಗೆ?

ಮತ್ತೆ ಅವರದೇ ಮಾತು ಬಿಡಿಸಿ ಇಟ್ಟೆ. ದೇವರಿದ್ದಾನೆ ಅನ್ನುವುದು ಒಂದು ನಂಬಿಕೆ. ಬಸವಣ್ಣ ತೋರಿಸಿದ ದಾರಿ ನನ್ನದು ಅನ್ನುವುದು ಇನ್ನೊಂದು. ಆ ದಾರಿಯ ಪ್ರಕಾರ ಕಾಯಿಲೆಯ ಹೆಂಡತಿಗೆ ಆವತ್ತು ಹೀಗೇ ಹೇಳಬೇಕು ಅನ್ನುವುದು ಮೂರನೆಯದು. ಮೊದಲೆರಡನ್ನು ಎದೆಗಪ್ಪಿ ಬದುಕಬಹುದು, ಜನ ಬದುಕಿದ್ದಾರೆ. ಮೂರನೆಯದು ಮೇಷ್ಟ್ರ ಸ್ವಂತ ಲೆಕ್ಕ. ತಪ್ಪುವ ಸಾಧ್ಯತೆ ಅಲ್ಲೇ ಜಾಸ್ತಿ. ವಿಚಿತ್ರ ಅಂದರೆ ನಮ್ಮ ಗಟ್ಟಿ ದನಿ ಏಳುವುದೂ ಅಲ್ಲೇ. ನಾನು ಕಂಡ ಮನೆ ಜಗಳಗಳಲ್ಲಿ ದೇವರ ಹೆಸರು ಬಂದದ್ದೆಲ್ಲ ಹೆಚ್ಚಾಗಿ ಈ ಮೂರನೆಯದರಲ್ಲೇ.

ಇದಕ್ಕೆ ಬಲ ಬಂದಿದ್ದು ನನ್ನಿಂದಲ್ಲ, ಅವರ ಹಳೆಯ ಸ್ನೇಹಿತರಿಂದ. ಕುಂದವಾಡ ಕೆರೆಯ ಮೇಲೆ ಬೆಳಗ್ಗೆ ಜೊತೆಗೆ ನಡೆಯುವ, ಉರ್ದು ಶಾಲೆಯಲ್ಲಿದ್ದ ಸಾಬರು. ಮೇಷ್ಟ್ರು ಪ್ರಶ್ನೆ ಕೇಳಬಾರದು ಅಂತ ನನ್ನ ಶರತ್ತು ಇತ್ತು. ಅದಕ್ಕೆ "ನಿಮ್ಮಲ್ಲಿ ಇದಕ್ಕೆ ಏನು ಮಾಡ್ತಾರೆ" ಅಂತ ಸುತ್ತು ಹಾಕಿ ಕೇಳಿದ್ದರು! ಸಾಬರು ನಕ್ಕು, "ನಮ್ಮ ಮುಫ್ತಿಗಳು ದೊಡ್ಡ ದೊಡ್ಡ ಫತ್ವಾ ಬರೆದು ಕೊನೆಗೆ ಅಲ್ಲಾಹು ಆಲಂ ಅಂತ ಹಾಕ್ತಾರೆ. ಅಲ್ಲಾಹನಿಗೇ ಚೆನ್ನಾಗಿ ಗೊತ್ತು ಅಂತ. ತೀರ್ಪೂ ಕೊಡ್ತಾರೆ, ಇದನ್ನೂ ಬರೀತಾರೆ" ಅಂದರಂತೆ. ಮೇಷ್ಟ್ರಿಗೆ ಇದು ಬಹಳ ಹಿಡಿಸಿತು. ತೀರ್ಪು ಕೊಡದೆ ಇರುವುದು ಬೇರೆ, ಕೊಟ್ಟ ಮೇಲೂ ತಗ್ಗಿ ಕೂರುವುದು ಬೇರೆ ಅಂತ ನನಗೇ ವಿವರಿಸಿದರು.

ಇನ್ನು ತಪ್ಪಿನ ಮಾತು. ಎಲ್ಲ ಪಾಪಪ್ರಜ್ಞೆಯನ್ನೂ ಒರೆಸಿ ಹಾಕುವುದು ಸಲಹೆಗಾರರ ಕೆಲಸ ಅಂತ ನಾನು ಒಪ್ಪುವುದಿಲ್ಲ. ಉಡಿ ತುಂಬದೆ ಇದ್ದುದಕ್ಕೆ ಕ್ಯಾನ್ಸರ್ ಹರಡಿತು ಅನ್ನುವುದಕ್ಕೆ ಆಧಾರ ಇಲ್ಲ. ಪತ್ತೆಯಾಗುವಾಗಲೇ ಅದು ಯಕೃತ್ತಿಗೆ ಮುಟ್ಟಿತ್ತು ಅಂತ ಬೆಂಗಳೂರಿನ ಡಾಕ್ಟರು ಬರೆದ ಕಾಗದ ಇತ್ತು. ಅದನ್ನು ಮಗಳ ಎದುರು ಮತ್ತೊಮ್ಮೆ ಓದಿದೆವು. ಆ ಭಾರ ಅವರದ್ದಲ್ಲ. ಆದರೆ ತಂಗಿಯರ ಎದುರು ಆಕೆಯ ಬಾಯಿ ಮುಚ್ಚಿಸಿದ್ದು? ಅದು ಅವರದ್ದೇ. ಆಕೆ ಏನು ಕೇಳಿದ್ದರು ಅಂತ ಇನ್ನೊಂದು ಸಲ ಹೇಳಿಸಿದೆ. "ಉಡಿ ತುಂಬಿಸ್ಬೇಕು, ನೀವೂ ಜೊತೆಗೆ ಬರ್ರಿ." ನಿಮ್ಮ ಸಿದ್ಧಾಂತ ಬದಲಿಸಿ ಅಂತ ಅದರಲ್ಲಿ ಎಲ್ಲಿದೆ ಮೇಷ್ಟ್ರೇ ಅಂದೆ. ಬಹಳ ಹೊತ್ತು ಅತ್ತರು. ನಾನು ಸುಮ್ಮನೆ ಕೂತೆ. ಅಷ್ಟು ದಿನ ದೇವರ ವಿಷಯಕ್ಕೆ ಕೊರಗುತ್ತಿದ್ದವರು ಆವತ್ತು ಹೆಂಡತಿಗಾಗಿ ಅತ್ತರು.

ಮರುವಾರವೇ ಡಬ್ಬಿ ಹಿಡಿದು ದುಗ್ಗಮ್ಮನ ಗುಡಿಗೆ ಹೋಗಿ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತೇನೆ ಅಂದರು. ತಡೆಯಿರಿ ಅಂದೆ. ಹೆದರಿಕೆಯಿಂದ ಹೋದರೆ ಮನೆಗೆ ಬರುವಷ್ಟರಲ್ಲಿ, ಬಸವಣ್ಣನಿಗೆ ದ್ರೋಹ ಮಾಡಿದೆನೇನೋ ಅಂತ ಶುರುವಾಗುತ್ತದೆ. ಮೊದಲು ನಾದಿನಿಯರ ಹತ್ತಿರ ಹೋಗಿ, ಅವರ ಎದುರು ಆಡಿದ ಮಾತಿಗೆ ಅವರ ಎದುರೇ ತಪ್ಪಾಯ್ತು ಅನ್ನಿ. ಗುಡಿಯ ವಿಷಯ ಆಮೇಲೆ. ಹೋಗಬೇಕು ಅನ್ನಿಸಿದರೆ ಆಕೆಯ ಆಸೆ ಅಂತ ಹೋಗಿ, ನಿಮ್ಮ ಪೂಜೆ ಬಿಡಬೇಕಿಲ್ಲ. ಹೋಗದಿದ್ದರೂ ಸರಿಯೇ.

ನಾದಿನಿಯರ ಹತ್ತಿರ ಹೋದರು. ಚಿಕ್ಕವರು "ಅಕ್ಕ ಆವತ್ತೇ ಮರೆತಿದ್ಲು ಬಿಡ್ರಿ ಭಾವ" ಅಂದರು. ದೊಡ್ಡವರು ಮಾತ್ರ "ಮರೆತಿರಲಿಲ್ಲ" ಅಂದರು. ಎರಡನೆಯ ಮಾತಿನಿಂದಲೇ ತಮಗೆ ಸಮಾಧಾನ ಆಯ್ತು ಅಂತ ಮೇಷ್ಟ್ರು ಹೇಳಿದ್ದು ನನಗೂ ಆಶ್ಚರ್ಯ. ಕೆಲವು ತಿಂಗಳ ಮೇಲೆ ಮಗಳು ಹೊಸ ಕೊಬ್ಬರಿ ಹಾಕಿ ಉಡಿ ತುಂಬಿಸಿ ಬಂದರು. ಮೇಷ್ಟ್ರು ಜೊತೆಗೆ ಹೋಗಿದ್ದರು. ಕೈ ಮುಗಿದರಾ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಈಗ ಊಟ, ನಿದ್ದೆ ಸರಿಯಾಗಿವೆ. ಮಾತ್ರೆಯನ್ನು ವೈದ್ಯರು ನಿಧಾನವಾಗಿ ಇಳಿಸುತ್ತಿದ್ದಾರೆ. ನಡುವೆ ಒಮ್ಮೆ ತಾವೇ ನಿಲ್ಲಿಸಿ ನೋಡಿದ್ದರು, ಹಾಗೆ ಮಾಡಬಾರದು ಅಂತ ಬೈಸಿಕೊಂಡರು. ಪೂಜೆಗೆ ಪೂರ್ತಿ ಕೂರುತ್ತಾರೆ. ಪ್ರಶ್ನೆ ಆಗಾಗ ಬರುತ್ತದೆ, ಬಂದರೆ ಬಂತು ಅನ್ನುತ್ತಾರೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಪ್ರಶ್ನೆಗೆ ಊಟ ನಿದ್ದೆ ಬಿಟ್ಟಿದ್ದರೆ ಧರ್ಮದ ಚರ್ಚೆಗೆ ಮುಂಚೆ ಜಿಲ್ಲಾಸ್ಪತ್ರೆಯ ಮನೋವೈದ್ಯರಿಗೆ ತೋರಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ಮೇಷ್ಟ್ರ ಮನೆಯಲ್ಲಿ ಈಗ ಹೊಸ ತಕರಾರು ಎದ್ದಿದೆ. ಮೊಮ್ಮಗನಿಗೆ ಲಿಂಗದೀಕ್ಷೆ ಕೊಡಿಸಬೇಕು ಅಂತ ಇವರು, ಹುಡುಗ ದೊಡ್ಡವನಾಗಿ ತಾನೇ ಕೇಳಲಿ ಅಂತ ಅಳಿಯ. "ಇದು ಎರಡನೆಯದಾ ಮೂರನೆಯದಾ ಮೇಡಂ?" ಅಂತ ಫೋನ್ ಮಾಡಿದ್ದರು. ಅಳಿಯನನ್ನೂ ಕರೆದುಕೊಂಡು ಬನ್ನಿ ಅಂದಿದ್ದೇನೆ.