ಬಿಡ್: ಹರಾಜಿಗೊಂದು, ಅಪ್ಪಣೆಗೊಂದು

ಪ್ರಶ್ನೆ: ಹರಾಜು, ಟೆಂಡರುಗಳಲ್ಲಿ ‘ಬಿಡ್’ ಅನ್ನುತ್ತಾರೆ. ಮಗಳ ಇಂಗ್ಲಿಷ್ ಪಾಠದಲ್ಲಿ ‘ದಿ ಕಿಂಗ್ ಬೇಡ್ ಹಿಮ್ ಎಂಟರ್’ ಅಂತ ಇದೆ. ಇದೂ ಅದೇ ಪದವಾ? ಭೂತಕಾಲದಲ್ಲಿ ಬಿಡ್ ಸರಿಯಾ, ಬೇಡ್ ಸರಿಯಾ?

ಉತ್ತರ: ಎರಡೂ ಸರಿ. ಆದರೆ ಒಂದರ ಜಾಗದಲ್ಲಿ ಇನ್ನೊಂದು ಹಾಕುವ ಹಾಗಿಲ್ಲ.

ಹಳೆಯ ಇಂಗ್ಲಿಷಿನಲ್ಲಿ ಇವು ಎರಡು ಬೇರೆ ಕ್ರಿಯಾಪದಗಳು. ‘ಬಿಡ್ಡನ್’ ಅಂದರೆ ಕೇಳಿಕೊಳ್ಳುವುದು, ಪ್ರಾರ್ಥಿಸುವುದು, ಅಪ್ಪಣೆ ಕೊಡುವುದು. ‘ಬೇಓಡನ್’ ಅಂದರೆ ಮುಂದಿಡುವುದು, ಸಾರಿ ಹೇಳುವುದು. ಕಾಲ ಕಳೆದಂತೆ ಎರಡೂ ಬೆರೆತು ಒಂದೇ ರೂಪವಾದವು. ಜರ್ಮನ್ನಿನಲ್ಲಿ ಇವತ್ತಿಗೂ ಬೇರೆಯಾಗಿಯೇ ಇವೆ: ಕೇಳಿಕೊಳ್ಳಲು ‘ಬಿಟೆನ್’, ಬೆಲೆ ಮುಂದಿಡಲು ‘ಬೀಟೆನ್’. ನಮ್ಮ ‘ಬೇಡು’ವಿಗೂ ಇವಕ್ಕೂ ನಂಟಿಲ್ಲ, ದನಿ ಹತ್ತಿರ ಅಷ್ಟೇ.

ಬೆಲೆ ಕೂಗುವ ಅರ್ಥದಲ್ಲಿ ಭೂತಕಾಲವೂ ‘ಬಿಡ್’ ಎಂದೇ ಇರುತ್ತದೆ. ‘ಶಿ ಬಿಡ್ ಟೆನ್ ಲ್ಯಾಕ್ಸ್ ಯೆಸ್ಟರ್‌ಡೇ’ ಸರಿ. ‘ಬಿಡೆಡ್’ ಅಂತ ಜಾಸ್ತಿ ಜನ ಬರೆಯುತ್ತಾರೆ, ದಯವಿಟ್ಟು ಬೇಡ. ಈ ಬಿಡ್ ಬರೀ ಪ್ರಸ್ತಾಪ ಅನ್ನುವುದನ್ನು ಕಾನೂನೂ ಒಪ್ಪುತ್ತದೆ. 1930ರ ಸರಕು ಮಾರಾಟ ಕಾಯ್ದೆಯ 64ನೇ ಕಲಮಿನ ಪ್ರಕಾರ, ಹರಾಜಿನಲ್ಲಿ ಸುತ್ತಿಗೆ ಬೀಳುವವರೆಗೆ ಕೂಗಿದವರು ತಮ್ಮ ಬಿಡ್ ಹಿಂದಕ್ಕೆ ತೆಗೆದುಕೊಳ್ಳಬಹುದು. ಟೆಂಡರಿನ ಕಥೆ ಬೇರೆ. ಅಲ್ಲಿ ಗಡುವು ಮುಗಿದ ಮೇಲೆ ಹಿಂದೆ ಸರಿದರೆ ಸಾಮಾನ್ಯವಾಗಿ ಇಎಂಡಿ, ಅಂದರೆ ಟೆಂಡರಿನ ಜೊತೆ ಕಟ್ಟಿದ ಠೇವಣಿ ಹಣ, ಮುಟ್ಟುಗೋಲಾಗುತ್ತದೆ.

ಅಪ್ಪಣೆ ಅಥವಾ ಶುಭ ಹೇಳುವ ಅರ್ಥದಲ್ಲಿ ಭೂತಕಾಲ ‘ಬೇಡ್’. ‘ಬೇಡ್ ಹಿಮ್ ಫೇರ್‌ವೆಲ್’ ಅಂದರೆ ಅವನನ್ನು ಬೀಳ್ಕೊಟ್ಟರು. ನಿಮ್ಮ ಮಗಳ ವಾಕ್ಯದಲ್ಲಿ ‘ಟು ಎಂಟರ್’ ಅಂತಿಲ್ಲ, ಗಮನಿಸಿ. ಈ ಕ್ರಿಯಾಪದದ ಮುಂದೆ ‘ಟು’ ಸಾಮಾನ್ಯವಾಗಿ ಬರುವುದಿಲ್ಲ. ‘ಹಿ ವಾಸ್ ಬಿಡನ್ ಟು ಎಂಟರ್’ ಎಂದು ಕರ್ಮಣಿಗೆ ತಿರುಗಿಸಿದಾಗ ಮಾತ್ರ ‘ಟು’ ಬೇಕೇ ಬೇಕು. ಉಚ್ಚಾರಣೆ ಹಿಂದೆ ‘ಬ್ಯಾಡ್’ ಎಂದಿತ್ತು. ಈಗ ‘ಬೇಡ್’ ಕೂಡ ನಡೆಯುತ್ತದೆ. ಯಾವ ಮೇಷ್ಟ್ರೂ ಇದಕ್ಕೆ ಅಂಕ ಕಳೆಯಬಾರದು. ಆದರೆ ಅಪ್ಪಣೆಯ ಅರ್ಥ ಹಳೇ ಕಥೆ, ಕವಿತೆಗಳಲ್ಲೇ ಚೆಂದ. ಕಚೇರಿ ಪತ್ರದಲ್ಲಿ ‘ಟೋಲ್ಡ್’ ಅಥವಾ ‘ಆಸ್ಕ್ಡ್’ ಬರೆಯಿರಿ.

ಪತ್ರಿಕೆಗಳಲ್ಲಿ ಬರುವ ‘ಇನ್ ಎ ಬಿಡ್ ಟು’ ಮೂರನೆಯದು. ಇಲ್ಲಿ ಹರಾಜೂ ಇಲ್ಲ, ಅಪ್ಪಣೆಯೂ ಇಲ್ಲ. ‘ಇನ್ ಎ ಬಿಡ್ ಟು ಸೇವ್ ವಾಟರ್’ ಅಂದರೆ ನೀರು ಉಳಿಸುವ ಪ್ರಯತ್ನವಾಗಿ. ಸುಮ್ನೆ ‘ನೀರು ಉಳಿಸಲು’ ಅಂದರೂ ಸಾಕು.